ಐದು ಸಾವಿರಕ್ಕೆ ಹದಿನಾಲ್ಕು ಕಡಿಮೆ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ ಬೆಳಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸೊಂಟ ಹೇಗಿದೆ? "ಪರವಾಗಿಲ್ಲ" ಎಂದು ಮಾತ್ರ ಉತ್ತರ ಬರೆಯಬೇಡ. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನೀನು. ಯಾರಾದರೂ "ಪರವಾಗಿಲ್ಲ ಸಿಸ್ಟರ್" ಅಂದರೆ "ಎಲ್ಲಿ ನೋವು, ಎಷ್ಟು ನೋವು, ಯಾವಾಗಿಂದ, ಸರಿಯಾಗಿ ಹೇಳು" ಎಂದು ಗದರುತ್ತಿದ್ದೆ. ಈಗ ಗದರುವ ಸರದಿ ನನ್ನದು. ತಮ್ಮನ ಮನೆಯ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತುತ್ತೀಯಾ? ಮಗ್ಗುಲು ಬದಲಿಸುವಾಗ ಈಗಲೂ ಚಳುಕು ಬರುತ್ತದಾ? ಬೆಳಗಿನ ಮಾತ್ರೆ ನುಂಗಿದೆಯೋ ಇಲ್ಲವೋ ಎಂದು ಮರೆತು ಎರಡೆರಡು ಸಲ ನುಂಗುತ್ತಿಲ್ಲ ತಾನೇ? ಫೋನಿನಲ್ಲಿ ಇದನ್ನೆಲ್ಲ ಕೇಳಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ತಮ್ಮನ ಮಕ್ಕಳು ಕಿತ್ತುಕೊಂಡು ಕೇಳುತ್ತಾರೆ. ಅದಕ್ಕೇ ಕಾಗದ. ನೀನು ಯಾವ ಕಾಗದವನ್ನೂ ಕೊನೆಯ ಪುಟದಿಂದ ಓದುವವಳು ಎಂದು ಗೊತ್ತು. ಈ ಸಲ ದಯವಿಟ್ಟು ಮೊದಲಿನಿಂದ ಓದು. ಎದೆ ಹೊಡೆದುಕೊಳ್ಳುವಂಥದ್ದು ಏನೂ ಇಲ್ಲ, ಒಳ್ಳೆಯ ಸುದ್ದಿಯೇ. ಆದರೆ ಅದು ಸುಮ್ಮನೆ ಕೈಗೆ ಬಂದು ಬೀಳಲಿಲ್ಲ. ಹೇಗೆ ಬಂತೆಂದು ಕ್ರಮವಾಗಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಊರಿನ ಜನಗಣತಿ ನಡೆಯುತ್ತಿದೆ ಎಂದು ಹಿಂದೆ ಬರೆದಿದ್ದೆನಲ್ಲ. ನಿನಗೆ ತಿಳಿಸದೆ ಬಿಟ್ಟಿದ್ದ ಇನ್ನೊಂದು ವಿಷಯವಿತ್ತು. ನವೆಂಬರಿನಲ್ಲೇ ಒಂದು ಸುತ್ತೋಲೆ ಬಂದಿತ್ತು. ಐದು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆ ಇರುವ ಊರುಗಳ ಹೆರಿಗೆ ವಾರ್ಡನ್ನು ಮುಚ್ಚಿ, ಹಾಸಿಗೆ, ಸಿಬ್ಬಂದಿ ಎಲ್ಲವನ್ನೂ ಮೂವತ್ತೆಂಟು ಕಿಲೋಮೀಟರ್ ಆಚೆಯ ದೊಡ್ಡ ಆಸ್ಪತ್ರೆಗೆ ಸೇರಿಸುತ್ತಾರಂತೆ. ಹತ್ತು ವರ್ಷದ ಹಿಂದಿನ ಎಣಿಕೆಯಲ್ಲಿ ನಾವು ಐದು ಸಾವಿರದ ನಾನೂರ ಹನ್ನೆರಡು ಮಂದಿ ಇದ್ದೆವು. ಆಮೇಲೆ ನೂಲಿನ ಗಿರಣಿ ಮುಚ್ಚಿತು. ಎಷ್ಟು ಮನೆಗೆ ಬೀಗ ಬಿತ್ತೆಂದು ನೀನೇ ನೋಡಿದ್ದೀಯ. ನಿನಗೆ ಹೇಳಿದ್ದರೆ ಆ ಸೊಂಟ ಹೊತ್ತುಕೊಂಡು ಮೊದಲ ಬಸ್ಸಿಗೇ ಬಂದು ಜಿಲ್ಲಾ ಕಚೇರಿಯ ಮುಂದೆ ಕುಳಿತುಬಿಡುತ್ತಿದ್ದೆ. ಅದಕ್ಕೇ ಮುಚ್ಚಿಟ್ಟೆ. ತಪ್ಪಾಯಿತು, ಬಯ್ಯುವುದನ್ನು ಸ್ವಲ್ಪ ಮುಂದಕ್ಕೆ ಹಾಕು.

ಊರಿಗೆ ಆರು ಜನ ಗಣತಿದಾರರು, ಎಲ್ಲರೂ ನಮ್ಮ ಶಾಲೆಯವರೇ. ಗಣಿತದ ಟೀಚರ್ ಎಂಬ ಕಾರಣಕ್ಕೆ ನನಗೆ ಪುರಸಭೆಯ ಎರಡು ವಾರ್ಡು, ಜೊತೆಗೆ ಇಡೀ ಊರಿನ ಮೊತ್ತ ಕೂಡುವ ಕೆಲಸ. ಫೆಬ್ರವರಿ ಪೂರ್ತಿ ಶಾಲೆ ಬಿಟ್ಟ ಮೇಲೆ ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲು ಬಾಗಿಲು ತಿರುಗಿದೆ. ಅಮ್ಮಾ, ಇದೇ ಊರಿನಲ್ಲಿ ಹುಟ್ಟಿ ಬೆಳೆದೂ ನನಗೆ ಊರು ಗೊತ್ತಿರಲಿಲ್ಲ. ಗೋಡೆ ಇಟ್ಟಿಗೆಯದೋ ಮಣ್ಣಿನದೋ, ಕೋಣೆ ಎಷ್ಟು, ನೀರು ಒಳಗೋ ಹೊರಗೋ, ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಎಷ್ಟು ಮಂದಿ ಎಂದು ಕೇಳುತ್ತಾ ಹೋದರೆ ಜನ ಹಾಳೆಯಲ್ಲಿಲ್ಲದ ಪ್ರಶ್ನೆಗೂ ಉತ್ತರ ಕೊಡುತ್ತಾರೆ. ಬಾವಿ ಬೀದಿಯ ಕ್ಷೌರಿಕ, ಕುಟುಂಬದ ಯಜಮಾನರು ಯಾರು ಎಂದು ಕೇಳಿದಾಗ ಒಳಕ್ಕೆ ತಿರುಗಿ "ಏನೇ, ಯಾರು ಅಂತ ಬರೆಸ್ಲಿ?" ಎಂದು ಕೂಗಿದ. "ನನ್ನನ್ನ ಕೇಳಿ ಬರೆಸ್ತಿದೀರಲ್ಲಾ, ಅಷ್ಟರಲ್ಲೇ ಗೊತ್ತಾಗಲ್ವಾ!" ಎಂದು ಹೆಂಡತಿ ಅಲ್ಲಿಂದಲೇ ಹೇಳಿದಳು. ಅವಳ ಹೆಸರನ್ನೇ ಮೊದಲ ಸಾಲಿಗೆ ಹಾಕಿದೆ. ಎಂಟು ಕೋಣೆಯ ಮನೆಯಲ್ಲಿ ಒಬ್ಬಳೇ ಇರುವ ನಿವೃತ್ತ ಪೋಸ್ಟ್‌ಮಾಸ್ತರಮ್ಮ ಎರಡು ಗಂಟೆ ನನ್ನನ್ನು ಏಳಲು ಬಿಡಲಿಲ್ಲ.

ಮಾರ್ಚ್ ಒಂದರಂದು ಆರೂ ಜನರ ಹಾಳೆಗಳನ್ನು ಹರಡಿಕೊಂಡು ಸ್ಟಾಫ್ ರೂಮಿನಲ್ಲಿ ಕೂಡಲು ಕುಳಿತೆ. ಸಾವಿರದ ಮುನ್ನೂರ ನಾಲ್ಕು ಕುಟುಂಬ, ಇನ್ನೂರ ಹನ್ನೊಂದು ಬೀಗ ಹಾಕಿದ ಮನೆ, ನಾಲ್ಕು ಸಾವಿರದ ಒಂಬೈನೂರ ಎಂಬತ್ತಾರು ಜನ. ಮೇಲಿನಿಂದ ಕೆಳಗೆ ಕೂಡಿದೆ, ಕೆಳಗಿನಿಂದ ಮೇಲಕ್ಕೆ ಕೂಡಿದೆ, ಹೆಡ್‌ಮಾಸ್ತರರ ಕೈಯಲ್ಲಿ ಇನ್ನೊಮ್ಮೆ ಕೂಡಿಸಿದೆ. ಅಷ್ಟೇ. ಹದಿನಾಲ್ಕು ಕಡಿಮೆ. ನೂರಿನ್ನೂರು ಕಡಿಮೆಯಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಹದಿನಾಲ್ಕು ಎಂದರೆ ನಮ್ಮ ಬೀದಿಯ ಮೂರು ಮನೆ. ಪಕ್ಕದ ಮನೆ ಟೈಲರ್ ಹೆಂಡತಿಗೆ ಈಗ ಎಂಟು ತಿಂಗಳು. ಮೊದಲ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳು ಬಿಳಿಚಿಕೊಂಡು ಮಲಗಿದ್ದಾಗ ನೀನು ಮನೆಗೆ ಬಂದು ಕೈ ತೊಳೆಯುತ್ತಾ "ಇನ್ನು ಹತ್ತು ನಿಮಿಷ ತಡವಾಗಿದ್ರೆ ಇರ್ತಿರ್ಲಿಲ್ಲ" ಎಂದಿದ್ದೆ. ಆ ದೊಡ್ಡ ಆಸ್ಪತ್ರೆಗೆ ಒಳ್ಳೆಯ ರಸ್ತೆಯಲ್ಲೂ ಒಂದೂಕಾಲು ಗಂಟೆ ಬೇಕು.

ಸುದ್ದಿ ಹೇಗೆ ಹಬ್ಬಿತೋ, ಸಂಜೆಯ ಹೊತ್ತಿಗೆ ಪುರಸಭೆಯ ಅಧ್ಯಕ್ಷರು ಮನೆಗೆ ಬಂದು ನಿನ್ನ ಕುರ್ಚಿಯಲ್ಲೇ ಕುಳಿತರು. "ಟೀಚರ್, ಹದಿನಾಲ್ಕು ಜನ ಏನ್ ಮಹಾ? ಊರು ಬಿಟ್ಟು ಹೋದವ್ರು ಇಲ್ಲಿಯವ್ರೇ ತಾನೆ? ಬೀದಿಗೊಬ್ಬರನ್ನ ಸೇರಿಸ್ಬಿಡಿ. ಮೊದ್ಲು ನಿಮ್ಮಮ್ಮನ್ನೇ ಬರೀರಿ, ಯಾರು ಬೇಡ ಅಂತಾರೆ?" ಎಂದರು. ಅದಕ್ಕೂ ಮುಂಚೆ ಡಾಕ್ಟರಮ್ಮನ ಹತ್ತಿರ ಹೋಗಿ, ಈ ವಾರದೊಳಗೆ ಆಗಬಹುದಾದ ಹೆರಿಗೆ ಎಷ್ಟಿವೆ, ಸ್ವಲ್ಪ ಬೇಗ ಮಾಡಿಸಲು ಆಗುತ್ತದಾ ಎಂದು ಕೇಳಿ ಚೆನ್ನಾಗಿ ಉಗಿಸಿಕೊಂಡು ಬಂದಿದ್ದರಂತೆ. ನಗಬೇಡ, ಪಾಪ, ಅವರ ಮೊಮ್ಮಕ್ಕಳೂ ಅದೇ ವಾರ್ಡಿನಲ್ಲಿ ಹುಟ್ಟಿದವರು. ಅವರು ಹೋದ ಮೇಲೆ ಇವರೂ ಮೆಲ್ಲಗೆ, "ಅತ್ತೆಯವರ ಒಂದು ಹೆಸರು ಹಾಕಿದರೆ ಸುಳ್ಳೇನೂ ಆಗಲ್ಲ ಬಿಡು" ಅಂದರು.

ಸುಳ್ಳಾಗುತ್ತಿತ್ತು ಅಮ್ಮಾ. ನಮ್ಮ ಮನೆಯ ಹಾಳೆ ತುಂಬುವಾಗ ಅಭ್ಯಾಸಬಲದಿಂದ ಮೊದಲ ಸಾಲಿನಲ್ಲಿ ನಿನ್ನ ಹೆಸರನ್ನೇ ಬರೆದುಬಿಟ್ಟಿದ್ದೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಬೇರೆಡೆ ವಾಸವೇ ಎಂಬ ಪ್ರಶ್ನೆಗೆ ಬಂದಾಗ ಬೆರಳು ಮಡಿಚಿ ಎಣಿಸಿದೆ. ನೀನು ಹೋಗಿ ಏಳು ತಿಂಗಳಾಗಿತ್ತು. ತಮ್ಮನಿಗೆ ಫೋನ್ ಮಾಡಿ ವಿಚಾರಿಸಿದರೆ ಅಲ್ಲಿ ನಿನ್ನನ್ನು ಆಗಲೇ ಬರೆದುಕೊಂಡು ಹೋಗಿದ್ದರು. ಅಡಿಪಟ್ಟಿ ಇಟ್ಟು ನಿನ್ನ ಸಾಲನ್ನು ಹೊಡೆದೆ. ಆ ದಿನ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತೆ, ನಿನ್ನ ಮೊಮ್ಮಗಳು ಇಡೀ ದಿನ ಆಡಿಕೊಂಡು ನಕ್ಕಳು. ನಿನ್ನ ಹೆಸರನ್ನು ಹಾಗೇ ಬಿಟ್ಟಿದ್ದರೆ, ಊರಿನವರೆಲ್ಲ ತಮ್ಮ ತಮ್ಮ ಮನೆಯಿಂದ ಹೋದವರ ಹೆಸರು ಹಿಡಿದು ಬಂದಾಗ ಯಾವ ಮುಖ ಇಟ್ಟುಕೊಂಡು ಬೇಡ ಅನ್ನಲಿ? ಜಿಲ್ಲಾ ಕಚೇರಿಯವರು ಒಂದು ಸುಳ್ಳು ಹೆಸರು ಕಂಡುಹಿಡಿದರೂ ನಮ್ಮ ಇಡೀ ಊರಿನ ಪಟ್ಟಿಯನ್ನೇ ಅನುಮಾನಿಸುತ್ತಾರೆ. ಅಧ್ಯಕ್ಷರಿಗೆ ಆಗುವುದಿಲ್ಲ ಎಂದು ಹೇಳಿಕಳಿಸಿದೆ. ಎರಡು ದಿನ ಬೀದಿಯಲ್ಲಿ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಟೈಲರ್ ಹೆಂಡತಿ ಮಾತ್ರ ಕಾಂಪೌಂಡಿನ ಆಚೆಯಿಂದ "ಅಕ್ಕಾ, ನೀವೇನ್ ಮಾಡೋಕಾಗತ್ತೆ ಬಿಡಿ" ಅಂದಳು. ಬೇರೆಯವರ ಬಿರುಸಿಗಿಂತ ಅವಳ ಆ ಮಾತೇ ನನಗೆ ಹೆಚ್ಚು ಚುಚ್ಚಿತು.

ಬಿಟ್ಟುಹೋದವರು ಯಾರಾದರೂ ಇದ್ದರೆ ಸೇರಿಸಲು ಐದು ದಿನದ ಅವಕಾಶವಿತ್ತು. ಎರಡು ದಿನ ಆಗಲೇ ಹೋಗಿತ್ತು. ಯಾರನ್ನು ಬಿಟ್ಟಿರಬಹುದು ಎಂದು ಕುಳಿತು ಯೋಚಿಸಿದೆ. ನಾವು ಆರೂ ಜನ ಹೋದದ್ದು ಪುರಸಭೆಯ ಮನೆ ನಂಬರುಗಳ ಪಟ್ಟಿ ಹಿಡಿದು. ನಂಬರೇ ಇಲ್ಲದ ಕಡೆ ಯಾರಾದರೂ ಇದ್ದರೆ? ಆಗ ನಿನ್ನ ಒಂದು ಮಾತು ನೆನಪಾಯಿತು. ಹೆರಿಗೆ ಮನೆ ಹುಡುಕಿಕೊಂಡು ನೀನು ಹೋಗುವಾಗ ಚಿಕ್ಕಂದಿನಲ್ಲಿ ನಾನೂ ಹಿಂದೆ ಓಡುತ್ತಿದ್ದೆನಲ್ಲ, ಆಗ ಹೇಳುತ್ತಿದ್ದೆ: "ವಿಳಾಸ ಕೇಳ್ತಾ ನಿಲ್ಬೇಡ, ಎಲ್ಲಿ ಬಟ್ಟೆ ಒಣಗಹಾಕಿದಾರೆ ನೋಡು." ಮರುದಿನ ಮಧ್ಯಾಹ್ನ ನೀರಿನ ಟ್ಯಾಂಕಿನ ಕಬ್ಬಿಣದ ಮೆಟ್ಟಿಲು ಹತ್ತಿದೆ. ನಲವತ್ತರ ಹತ್ತಿರ ಬಂದ ಹೆಂಗಸು, ತಲೆ ತಿರುಗಿತು, ಕೆಳಗೆ ಪಂಪಿನವನು "ಇಳೀರಿ ಟೀಚರ್, ನನ್ ಕೆಲ್ಸ ಹೋಗತ್ತೆ" ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ಊರೆಲ್ಲ ಕಾಣುತ್ತಿತ್ತು. ಗಿರಣಿಯ ಹಿಂಗೋಡೆಯ ಒಳಗೆ, ಮುಳ್ಳುಗಂಟಿಗಳ ಮರೆಯಲ್ಲಿ, ಒಂದು ಹಗ್ಗ. ಹಗ್ಗದ ಮೇಲೆ ಎರಡು ಸಣ್ಣ ಅಂಗಿ, ಒಂದು ಹಸಿರು ಲಂಗ. ಅದೇ ಗಿರಣಿಯ ಎದುರು ನಿಂತು ನನ್ನ ಕೈಯಾರೆ ನಾನು "ಖಾಲಿ ಕಟ್ಟಡ, ಬೀಗ" ಎಂದು ಬರೆದಿದ್ದೆ. ಮುಂಬಾಗಿಲಿನ ಬೀಗ ನೋಡಿ ಹಿಂದಕ್ಕೆ ಹೋಗುವ ಕಷ್ಟ ತೆಗೆದುಕೊಂಡಿರಲಿಲ್ಲ.

ಹಿಂಗೋಡೆಯಲ್ಲಿ ಇಟ್ಟಿಗೆ ಬಿದ್ದ ಒಂದು ಸಂದಿಯಿದೆ. ನುಗ್ಗಿ ಒಳಗೆ ಹೋದೆ. ನೂಲು ತೂಗುತ್ತಿದ್ದ ಕೋಣೆ, ಅದರ ಪಕ್ಕದ ಮೂರು ಗುಮಾಸ್ತರ ಕೋಣೆ, ನಾಲ್ಕರಲ್ಲೂ ಸಂಸಾರಗಳು. ಬಾಗಿಲಿಗೆ ಗೋಣಿಪರದೆ, ಒಳಗೆ ಗುಡಿಸಿ ಸಾರಿಸಿದ ನೆಲ, ಗೋಡೆಗೆ ಒರಗಿಸಿಟ್ಟ ತಟ್ಟೆಗಳು. ಗಿರಣಿಯಲ್ಲಿ ಉಳಿದ ಹತ್ತಿಯ ಕಸವನ್ನು ಹೆಕ್ಕಿ ಹಗ್ಗ ಹೊಸೆದು ಸಂತೆಯಲ್ಲಿ ಮಾರುತ್ತಾರೆ. ಅವರಲ್ಲಿ ಗಟ್ಟಿಗಿತ್ತಿಯಾದ ಒಬ್ಬಳು ತೊಡೆಯ ಮೇಲೆ ಎಳೆ ಹೊಸೆಯುತ್ತಿದ್ದವಳು ನನ್ನ ಚೀಲ, ಹಾಳೆ ನೋಡಿದ್ದೇ ಎದ್ದು ಬಾಗಿಲಿಗೆ ಅಡ್ಡ ನಿಂತಳು. ನಾನು ವಿಷಯ ಹೇಳಿದೆ. "ನಮ್ಮನ್ನ ಬರೀಬೇಡಿ. ಬರ್ಕೊಂಡ್ ಹೋದವ್ರೆಲ್ಲಾ ಆಮೇಲೆ ಎಬ್ಬಿಸೋಕೇ ಬಂದಿದಾರೆ. ಮೂರು ಊರು ನೋಡಿದೀವಿ" ಎಂದಳು. ಹಾಗೇನೂ ಆಗುವುದಿಲ್ಲ ಎಂದು ನನ್ನ ಬಾಯಿಗೆ ಬಂದಿತ್ತು. ಆದರೆ ಆಗುವುದಿಲ್ಲ ಎಂದು ನನಗೇನು ಗೊತ್ತು? ನನಗೆ ಬೇಕಾಗಿದ್ದದ್ದು ಹದಿನಾಲ್ಕು ತಲೆ, ಅವಳಿಗೆ ಬೇಕಾಗಿದ್ದದ್ದು ತಲೆಯ ಮೇಲೊಂದು ಮಾಡು. ಅದನ್ನು ನೆನೆದು ನಾಚಿಕೆಯಾಯಿತು. ಪೆನ್ನು ಚೀಲಕ್ಕೆ ಹಾಕಿದೆ. "ಹೆದರ್ಬೇಡ, ನೀನು ಒಪ್ಪದೆ ಏನೂ ಬರೆಯಲ್ಲ. ಆದರೆ ನಮ್ಮೂರಿನ ಹೆರಿಗೆ ವಾರ್ಡು ಮುಚ್ಚಿಹೋಗತ್ತೆ, ಅದಕ್ಕೇ ಬಂದೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೊರಟೆ.

ಸಂದಿಯವರೆಗೂ ಬಂದಿದ್ದೆ. ಹಿಂದಿನಿಂದ ಕರೆದಳು. "ವಾರ್ಡು ಅಂದ್ರೆ, ನರ್ಸಮ್ಮನ ವಾರ್ಡಾ?" ಹೌದು ಅಂದೆ, ನಾನು ಅವರ ಮಗಳು ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅದೇ ಮೂಗು" ಅಂದಳು. ಆಮೇಲೆ ಒಳಗೆ ಕರೆದು ಕೂರಿಸಿ, ಮೂರು ವರ್ಷದ ಮಗಳನ್ನು ನನ್ನ ಮಡಿಲಿಗೇ ಹಾಕಿದಳು.

ಅಮ್ಮಾ, ನಿನಗೆ ಗೊತ್ತಿತ್ತು! ವಿಳಾಸ ಕೇಳುತ್ತಾರೆಂದು ಹೆದರಿ ಆಸ್ಪತ್ರೆಗೆ ಬರಲೊಲ್ಲದವಳ ಹೆರಿಗೆಯನ್ನು ನೀನೇ ಬಂದು ಆ ತೂಕದ ಕೋಣೆಯಲ್ಲಿ ಮಾಡಿಸಿದೆ, ಮಗುವನ್ನು ನೂಲಿನ ತಕ್ಕಡಿಯಲ್ಲೇ ತೂಗಿದೆ, ಮಾರನೆಯ ದಿನ ಆಸ್ಪತ್ರೆಗೆ ಕರೆಸಿ ಕಾರ್ಡು ಮಾಡಿಕೊಟ್ಟೆ. ಮೂರು ವರ್ಷ ನಮ್ಮ ಎದುರು ಕುಳಿತು ಊಟ ಮಾಡಿದೆ, ಒಂದು ಮಾತು ಬಿಡಲಿಲ್ಲ. "ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರು ನರ್ಸಮ್ಮ" ಎಂದಳು ಅವಳು. ನನಗೆ ಒಂದು ಕಡೆ ಸಿಟ್ಟು, ಒಂದು ಕಡೆ ಹೆಮ್ಮೆ, ಎರಡೂ ಸೇರಿ ಕಣ್ಣಲ್ಲಿ ನೀರು ಬಂತು. ಅವಳು ಉಳಿದ ಮೂರು ಮನೆಯವರನ್ನೂ ಕರೆದು ತಾನೇ ಮಾತಾಡಿದಳು. ನಾಲ್ಕು ಕುಟುಂಬ, ಹತ್ತೊಂಬತ್ತು ಜನ. ಕೋಣೆ ಒಂದೊಂದು. ನೀರು ಅರ್ಧ ಮೈಲು ದೂರ. ಶೌಚಾಲಯ ಇಲ್ಲ. ವಿದ್ಯುತ್ ಇಲ್ಲ. ಇಷ್ಟು ಇಲ್ಲಗಳನ್ನು ನಾನು ಬೇರೆ ಯಾವ ಮನೆಯಲ್ಲೂ ಬರೆದಿರಲಿಲ್ಲ.

ಅಧ್ಯಕ್ಷರಿಗೆ ಹೇಳಿದರೆ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಹುಬ್ಬು ಗಂಟಿಕ್ಕಿ, "ಗಿರಣಿ ಜಾಗ ಪುರಸಭೆದು. ಇದು ಒತ್ತುವರಿ ಆಗತ್ತಲ್ಲಾ ಟೀಚರ್" ಎಂದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಮೊನ್ನೆ ಇಲ್ಲದ ಜನರನ್ನ ಬರೀರಿ ಅಂದ್ರಿ. ಇವತ್ತು ಇರೋ ಜನ ಬೇಡ ಅಂತೀರಿ. ನಿಮಗೆ ಜನ ಬೇಕಾ, ಬೇಡ್ವಾ, ಒಂದು ತೀರ್ಮಾನ ಮಾಡಿ" ಎಂದೆ. ಪುರಸಭೆಯ ಗುಮಾಸ್ತರೆಲ್ಲ ತಲೆ ಎತ್ತಿ ನೋಡಿದರು. ಅಧ್ಯಕ್ಷರು ಹಾಳೆ ತರಿಸಿದರು. ಬೇರೆ ಮನೆ ಕೊಡುವವರೆಗೆ ಆ ನಾಲ್ಕು ಕೋಣೆಯಿಂದ ಯಾರನ್ನೂ ಎಬ್ಬಿಸುವುದಿಲ್ಲ ಎಂದು ಬರೆಸಿ, ಸಹಿ ಹಾಕಿ, ಮೊಹರು ಒತ್ತಿ, ತಾವೇ ಗಿರಣಿಗೆ ನಡೆದು ಹೋಗಿ ಆ ಹಗ್ಗದ ಹೆಂಗಸಿನ ಕೈಗೆ ಕೊಟ್ಟುಬಂದರು. ಆ ಸಂದಿಯಲ್ಲಿ ಅವರ ಹೊಟ್ಟೆ ಸಿಕ್ಕಿಕೊಂಡು ಇಬ್ಬರು ಎಳೆಯಬೇಕಾಯಿತು. ಇದನ್ನು ನಾನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ನೀನೂ ಹೇಳಬೇಡ.

ಅಲ್ಲಿಗೂ ಮುಗಿಯಲಿಲ್ಲ. ಕೊನೆಯ ಗಳಿಗೆಯಲ್ಲಿ ಹತ್ತೊಂಬತ್ತು ಜನ ಬೆಳೆದರೆ ಯಾರಿಗಾದರೂ ಅನುಮಾನ ಬರುತ್ತದೆ. ಗುರುವಾರ ಜಿಲ್ಲಾ ಕಚೇರಿಯಿಂದ ತಪಾಸಣೆ ಅಧಿಕಾರಿ ಬಂದರು. ತೆಳ್ಳಗೆ, ಮಾತು ಕಡಿಮೆ, ಪ್ರತಿ ಹೆಸರಿನ ಮುಂದೂ ಪೆನ್ಸಿಲಿನ ಚುಕ್ಕೆ ಇಡುವ ಮನುಷ್ಯ. ಗಿರಣಿಗೆ ಹೋಗಿ ಒಬ್ಬೊಬ್ಬರನ್ನೇ ಎದುರು ನಿಲ್ಲಿಸಿ ವಿಚಾರಿಸಿದರು. ಅಣ್ಣತಮ್ಮಂದಿರಿಬ್ಬರು ವರ್ಷದ ಬಹುಪಾಲು ಕಲ್ಲುಕ್ವಾರಿಯಲ್ಲೇ ಇರುವವರು, ಅವರನ್ನು ಅಲ್ಲೇ ಎಣಿಸಿದ್ದಾರೆ ಎಂದು ಹೆಸರು ಹೊಡೆದುಹಾಕಿದರು. ಸರಿಯಾದ್ದೇ, ನಾನು ಕೇಳಬೇಕಿತ್ತು. ಐದು ಸಾವಿರದ ಐದು ಇದ್ದದ್ದು ಐದು ಸಾವಿರದ ಮೂರಕ್ಕೆ ಇಳಿಯಿತು. ಆಮೇಲೆ ಹಗ್ಗದವಳ ಮನೆಯ ಆರು ಹೆಸರಿನ ಮೇಲೆ ಪೆನ್ಸಿಲು ನಿಂತಿತು. ಅವಳ ಹಳೆಯ ಊರಿನ ಪಟ್ಟಿಯಲ್ಲಿ ಇವರ ಹೆಸರು ಇನ್ನೂ ಇದೆ, ಇಲ್ಲಿ ವಾಸವಿರುವುದಕ್ಕೆ ಪುರಾವೆ ಏನು ಎಂದರು. ಆರು ಕಳೆದರೆ ಎಷ್ಟಾಗುತ್ತದೆ ಎಂದು ನೀನೇ ಲೆಕ್ಕ ಹಾಕಿಕೋ. ಅಧ್ಯಕ್ಷರು ಕರವಸ್ತ್ರ ಹಿಂಡುತ್ತಿದ್ದರು.

ಅವಳು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಡಬ್ಬಿಯಲ್ಲಿ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ಮಗುವಿನ ಕಾರ್ಡು. ನಿನ್ನ ಅಕ್ಷರ ಅಮ್ಮಾ, ಬಲಕ್ಕೆ ವಾಲುವ ಆ ಗುಂಡು ಅಕ್ಷರ. ಜನನದ ತಾರೀಖು, ತೂಕ, ವಿಳಾಸದ ಜಾಗದಲ್ಲಿ "ನೂಲಿನ ಗಿರಣಿ, ತೂಕದ ಕೋಣೆ, ಹಿಂಬಾಗಿಲು." ಕೆಳಗೆ ಒಂದೊಂದು ಚುಚ್ಚುಮದ್ದಿನ ಮುಂದೂ ತಾರೀಖು, ನಿನ್ನ ಸಹಿ, ಕೊನೆಯದು ಕಳೆದ ಜೂನಿನದು. ಮೂರು ವರ್ಷದಲ್ಲಿ ಒಂದೂ ತಪ್ಪಿಲ್ಲ. ಅಧಿಕಾರಿ ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ಓದಿದರು. "ಈ ನರ್ಸ್ ಎಲ್ಲಿದಾರೆ?" ಎಂದು ಕೇಳಿದರು. ಊರಲ್ಲಿಲ್ಲ, ಅವರನ್ನು ನಾವು ಎಣಿಸಿಲ್ಲ ಎಂದೆ. ಅವರು ನನ್ನನ್ನು ಒಮ್ಮೆ ನೋಡಿದರು. ಆರೂ ಹೆಸರಿನ ಮುಂದೆ ಚುಕ್ಕೆ ಇಟ್ಟು, ಹಾಳೆ ಮಡಿಚಿ ಎದ್ದರು.

ಐದು ಸಾವಿರದ ಮೂರು, ಅಮ್ಮಾ. ನಿನ್ನೆ ಸಹಿ ಆದ ಪ್ರತಿ ಬಂತು. ವಾರ್ಡು ಉಳಿಯಿತು, ಹತ್ತೂ ಹಾಸಿಗೆ ಉಳಿದವು. ಸುದ್ದಿ ಕೇಳಿದ ಟೈಲರ್ ಹೆಂಡತಿ ನಗುತ್ತಾ ಅಳುತ್ತಾ ಕಾಂಪೌಂಡಿನ ಮೇಲಿನಿಂದಲೇ ನನ್ನ ಕೈ ಹಿಡಿದಳು, ಅವಳ ಗಂಡ ನನಗೆ ರವಿಕೆ ಹೊಲಿದುಕೊಡುತ್ತೇನೆ ಎಂದು ಮೂರು ಸಲ ಹೇಳಿದ. ಡಾಕ್ಟರಮ್ಮ ವಾರ್ಡಿನ ಎಲ್ಲ ಕಿಟಕಿ ತೆಗೆಸಿ ತೊಳೆಸಿದರಂತೆ. ಗಿರಣಿಯ ಹತ್ತಿರ ನಲ್ಲಿ ಹಾಕಲು ಶುಕ್ರವಾರವೇ ಕಾಲುವೆ ತೋಡಲು ಶುರುಮಾಡಿದ್ದಾರೆ. ಶೌಚಾಲಯದ ಮಾತು ಇನ್ನೂ ಮಾತಿನಲ್ಲೇ ಇದೆ, ನಾನು ಬೆನ್ನು ಬಿಡುವುದಿಲ್ಲ. ಮೂರು ಮಕ್ಕಳು ನಾಳೆಯಿಂದ ಶಾಲೆಗೆ ಬರುತ್ತಾರೆ. ನಾನು ನಿನ್ನೆ ಮಧ್ಯಾಹ್ನ ಚಾಪೆ ಹಾಸಿಕೊಂಡು ಮಲಗಿದವಳು ಸಂಜೆ ಐದಕ್ಕೆ ಎದ್ದೆ. ಅಂಥ ನಿದ್ದೆ ಎಷ್ಟು ತಿಂಗಳಾಗಿತ್ತೋ.

ತಮ್ಮನಿಗೂ ಅವನ ಹೆಂಡತಿಗೂ ನನ್ನ ನೆನಪು ಹೇಳು, ಮಕ್ಕಳ ಕೆನ್ನೆ ಹಿಂಡು. ಇವರು ನಿನಗೆ ನಮಸ್ಕಾರ ತಿಳಿಸಿದ್ದಾರೆ. ಮೊಮ್ಮಗಳು ಬೇರೆ ಕಾಗದ ಬರೆಯುತ್ತಾಳಂತೆ, ಬರೆದಾಗ ನಂಬು. ಹುಷಾರಾಗಿರು, ಕಾಲು ನೋಡಿಕೊಂಡು ಇಡು.

ನಿನ್ನ ಕಾಲಿಗೆ ಬೀಳುವ,
ದೊಡ್ಡ ಮಗಳು

ಮರೆತೆ ಎನ್ನಲೇ, ಬರೆಯಲು ಹೆದರಿದೆ ಎನ್ನಲೇ. ನೀನು ಬಿದ್ದ ಮೇಲೆ ಒಂದು ದಿನ ನಾನು "ಶಾಲೆ ನೋಡ್ಲಾ, ನಿನ್ನ ನೋಡ್ಲಾ?" ಅಂದೆ. ನೀನು ವಾರದೊಳಗೆ ತಮ್ಮನ ಜೊತೆ ಹೊರಟೆ. ಎರಡು ತಿಂಗಳಿಗೆ ಎಂದು ಹೋದವಳನ್ನು ನಾನೂ ಬಾ ಎಂದು ಕರೆಯಲಿಲ್ಲ. ಮೊದಲು ದಣಿವು, ಆಮೇಲೆ ಯಾವ ಬಾಯಿಂದ ಕರೆಯಲಿ ಎಂಬ ಸಂಕೋಚ. ಡಾಕ್ಟರಮ್ಮನಿಗೆ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ, ನೀನು ವಾರಕ್ಕೆರಡು ದಿನ ಕುರ್ಚಿಯಲ್ಲಿ ಕುಳಿತು ಕಲಿಸಿದರೆ ಸಾಕು ಅಂತಾರೆ. ಅದು ಅವರ ಮಾತು. ನನ್ನ ಮಾತು ಇಷ್ಟೇ: ತಪ್ಪು ನನ್ನದು, ನೀನಿಲ್ಲದೆ ನನಗೆ ಆಗುತ್ತಿಲ್ಲ. ಬಚ್ಚಲಿಗೆ ಕಂಬಿ ಹಾಕಿಸಿದ್ದೇನೆ. ಇವರೇ ನಿಂತು ಹಾಕಿಸಿದರು. ಶನಿವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಎದುರಿಗೇ ಬಯ್ದು ಕಳಿಸು, ಇದ್ದರೆ ಬಟ್ಟೆ ಮಡಿಸಿಡು. ನಾಳೆಯ ಮೊದಲ ಟಪಾಲಿಗೇ ಇದು ಹೋಗಬೇಕು, ಈಗಲೇ ಓಡಿ ಡಬ್ಬಿಗೆ ಹಾಕಿಬರುತ್ತೇನೆ.